ಕರೆಂಟು ಹೋಗಿ ಬಂದ ಮೇಲೆ ಸೈಫನ್ ಹಿಡಿಯುತ್ತಿಲ್ಲ: 4 ಅಡಿ ರೀಫ್ ಟ್ಯಾಂಕ್, ಮೂರು ಪೈಪಿನ ಓವರ್‌ಫ್ಲೋ

ಉಪ್ಪುನೀರು

ಹವಳ ಸಾಕುವ ಉಪ್ಪುನೀರಿನ (ರೀಫ್) ಟ್ಯಾಂಕ್ 120×50×50 ಸೆಂ.ಮೀ., 10 ಮಿ.ಮೀ. ಗಾಜು. ಹಿಂದಿನ ಗಾಜಿಗೆ ಒಳಗಡೆ ಓವರ್‌ಫ್ಲೋ ಡಬ್ಬಿ: ಉದ್ದ 40, ಅಗಲ 12. ಟ್ಯಾಂಕಿನ ನೀರು ಇದರ ಅಂಚು ದಾಟಿ ಒಳಗೆ ಬಿದ್ದು ಪೈಪುಗಳಲ್ಲಿ ಕೆಳಗಿನ ಸಂಪಿಗೆ ಇಳಿಯುತ್ತದೆ. ಟ್ಯಾಂಕಿನ ಮೇಲಂಚಿನಿಂದ ಅಳೆದರೆ ಡಬ್ಬಿಯ ಅಂಚು 4 ಸೆಂ.ಮೀ. ಕೆಳಗೆ, ತಳ 20 ಸೆಂ.ಮೀ. ಕೆಳಗೆ. ಅಂಚಿಗೆ ಬಾಚಣಿಗೆಯಂತೆ ಹಲ್ಲು ಕೊಯ್ದಿಲ್ಲ. ಮೂರು ತೂತು, ನಡುಬಿಂದು 9 ಸೆಂ.ಮೀ. ಕೆಳಗೆ, ಮೂರಕ್ಕೂ 1 ಇಂಚು ಯುಪಿವಿಸಿ, ಬೀನ್‌ಅನಿಮಲ್ ಪದ್ಧತಿ. ಮೊದಲನೆಯದು ಫುಲ್ ಸೈಫನ್ (ವಾಲ್ವ್ ಇರುವುದು, ಗಾಳಿಯಿಲ್ಲದೆ ಪೂರ್ತಿ ನೀರು ತುಂಬಿ ಹರಿಯುವುದು), ಎರಡನೆಯದು ಓಪನ್ ಚಾನೆಲ್ (ಗಾಳಿ ನಳಿಕೆ ಇರುವುದು, ಉಳಿದ ಸ್ವಲ್ಪ ನೀರು ಹೋಗುವುದು), ಮೂರನೆಯದು ಎಮರ್ಜೆನ್ಸಿ (ಅವೆರಡೂ ಕೈಕೊಟ್ಟಾಗ ಮಾತ್ರ).

ಟ್ಯಾಂಕಿನ ಕೆಳಗಿನ ಸಂಪು (ಫಿಲ್ಟರ್ ತೊಟ್ಟಿ, ನೀರನ್ನು ಮೇಲೆ ಹಾಕುವ ಪಂಪು ಇದರಲ್ಲೇ) 75×40×40, ಓಡುವಾಗ ನೀರು 23 ಸೆಂ.ಮೀ. ಪಂಪಿನ ಡಬ್ಬದ ಮೇಲೆ ಗಂಟೆಗೆ 4000 ಲೀಟರ್ ಎಂದಿದೆ. ನೀರು ಟ್ಯಾಂಕಿಗೆ ಮರಳುವ ನಾಝಲ್ ಹತ್ತಿರ ಬಕೆಟ್ ಹಿಡಿದರೆ 10 ಲೀಟರ್ ತುಂಬಲು 18 ಸೆಕೆಂಡು, ಅಂದರೆ ಗಂಟೆಗೆ 2000.

ಇನ್ನೂ ಉಪ್ಪಿಲ್ಲ, ಕಲ್ಲಿಲ್ಲ, ಬರೀ ನಲ್ಲಿ ನೀರು. ಓಡುತ್ತಿರುವಾಗ ಒಂದು ಚೂರೂ ಸದ್ದಿಲ್ಲ. ಆದರೆ ಸ್ವಿಚ್ ಆರಿಸಿ ಹತ್ತು ನಿಮಿಷ ಬಿಟ್ಟು ಹಾಕಿದರೆ ಮೊದಲ ಪೈಪು ಗೊಳಗೊಳ ಅನ್ನುತ್ತಲೇ ಇರುತ್ತದೆ, ನೀರೆಲ್ಲ ಎಮರ್ಜೆನ್ಸಿಗೆ. ವಾಲ್ವ್ ಪೂರ್ತಿ ತೆರೆದು ಮತ್ತೆ ಹೊಂದಿಸಿದರಷ್ಟೇ ಸರಿಹೋಗುತ್ತದೆ. ಮೊದಲ ಪೈಪನ್ನು ಒಂದೂವರೆ ಇಂಚಿಗೆ ಏರಿಸಬೇಕೇ?

ಮೂರುಪೈಪು

ಏರಿಸಬೇಡಿ. ಏರಿಸಿದರೆ ಇನ್ನೂ ಹದಗೆಡುತ್ತದೆ.

ಡಬ್ಬಿಯಿಂದ ಸಂಪಿಗೆ 70 ಸೆಂ.ಮೀ. ಇಳಿತ ಅಂತ ಇಟ್ಟುಕೊಳ್ಳಿ. ಪೂರ್ತಿ ನೀರು ತುಂಬಿದ 1 ಇಂಚಿನ ಪೈಪು, ಒಳವ್ಯಾಸ 26.6 ಮಿ.ಮೀ., ಘರ್ಷಣೆಯನ್ನೇ ಲೆಕ್ಕಿಸದಿದ್ದರೆ ಗಂಟೆಗೆ 7000 ಲೀಟರ್ ದಾಟುತ್ತದೆ. ಎಲ್ಬೋ, ವಾಲ್ವ್, ಪೈಪಿನ ಗೋಡೆ ಎಲ್ಲ ತಿಂದು ಅರ್ಧ ಉಳಿದರೂ 3500. ನಿಮಗೆ ಬೇಕಾದದ್ದು 2000. ಒಂದೂವರೆ ಇಂಚು ಹಾಕಿದರೆ ವಾಲ್ವನ್ನು ಬಹುಪಾಲು ಮುಚ್ಚಬೇಕಾಗುತ್ತದೆ. ಆ ಸಣ್ಣ ಸಂದಿಗೆ ಒಂದು ಬಸವನಹುಳು ಸಿಕ್ಕಿದರೂ ಮುಗಿಯಿತು. ಅದಲ್ಲದೆ ದಪ್ಪ ಪೈಪಿನೊಳಗಿನ ಗಾಳಿಯನ್ನು ಕೆಳಕ್ಕೆ ನೂಕಲು ಹೆಚ್ಚು ನೀರು ಬೇಕು. ನಿಮ್ಮ ತೊಂದರೆ ಗಾಳಿಯದು, ಅಗಲದ್ದಲ್ಲ.

ನಾಲ್ಕು ವಿಷಯ ತಿಳಿಸಿ: ಮೊದಲ ಪೈಪಿನ ತುದಿ ಸಂಪಿನ ನೀರಿನೊಳಗೆ ಎಷ್ಟು ಮುಳುಗಿದೆ, ನಡುವೆ ಹೋಸ್ ಇದೆಯೇ, ಓಪನ್ ಚಾನೆಲ್‌ನ ಗಾಳಿ ನಳಿಕೆಯ ತುದಿ ಎಲ್ಲಿದೆ, ಎಮರ್ಜೆನ್ಸಿ ಬಾಯಿ ಎಲ್ಲಿದೆ.

ಉಪ್ಪುನೀರು

ತುದಿ 14 ಸೆಂ.ಮೀ. ಮುಳುಗಿದೆ, ಗುಳ್ಳೆ ಬರಬಾರದು ಅಂತ. ವಾಲ್ವಿನ ಕೆಳಗೆ ಒಂದೂವರೆ ಅಡಿ ಹೋಸ್, ಕ್ಯಾಬಿನೆಟ್ಟಿನ ಕಂಬ ಸುತ್ತಿ ಹೋಗಬೇಕಿತ್ತು. ಗಾಳಿ ನಳಿಕೆಯ ತುದಿ ಮೇಲಂಚಿನಿಂದ 5 ಸೆಂ.ಮೀ. ಕೆಳಗೆ. ಎಮರ್ಜೆನ್ಸಿ ಎಲ್ಬೋ ಬಾಯಿ ಮೇಲಕ್ಕೆ ತಿರುಗಿದೆ. ಅದರ ಸಾಕೆಟ್ ತುಟಿಯನ್ನು ಒಂದೂವರೆ ಸೆಂ.ಮೀ. ಗರಗಸದಲ್ಲಿ ಕೊಯ್ದು 6 ಸೆಂ.ಮೀ. ಮಟ್ಟಕ್ಕೆ ತಂದಿದ್ದೇನೆ.

ಮೂರುಪೈಪು

ಮೂರು ತಪ್ಪೂ ನೀವೇ ಹೇಳಿಬಿಟ್ಟಿರಿ.

14 ಸೆಂ.ಮೀ. ಮುಳುಗಿದ ತುದಿಯಿಂದ ಗಾಳಿ ಹೊರಬೀಳಬೇಕಾದರೆ ಅಷ್ಟು ನೀರಿನ ಭಾರವನ್ನು ನೂಕಬೇಕು. ಮೇಲೆ ಡಬ್ಬಿಯಲ್ಲಿ ನೂಕಲಿಕ್ಕೆ ಇರುವುದು ಎಷ್ಟು? ಮೇಲಂಚಿನಿಂದ ಅಳೆದರೆ ಡಬ್ಬಿಯಲ್ಲಿ ಓಡುವ ಮಟ್ಟ 9, ಎಮರ್ಜೆನ್ಸಿ ಬಾಯಿ 6. ಹೆಚ್ಚುವರಿ 3 ಸೆಂ.ಮೀ. ಏರುವಷ್ಟರಲ್ಲಿ ನೀರು ಮೂರನೆಯ ಪೈಪಿಗೆ ದಾರಿ ಹಿಡಿಯುತ್ತದೆ. ಪೈಪಿನೊಳಗೆ ಜಾರುವ ನೀರು ಗಾಳಿಯನ್ನು ಗುಳ್ಳೆಯಾಗಿ ಎಳೆದೊಯ್ಯುವುದೂ ಉಂಟು, ಆದರೆ ತುದಿ ಆಳವಾದಷ್ಟೂ ಆ ಗುಳ್ಳೆಗಳು ಹಿಂದಕ್ಕೇ ಏರುತ್ತವೆ. ನಿಮಗೆ ಕೇಳಿಸುವ ಗೊಳಗೊಳ ಅದೇ. ತುದಿ 2ರಿಂದ 3 ಸೆಂ.ಮೀ. ಮುಳುಗಿದರೆ ಸಾಕು. ತುದಿಯನ್ನು 45 ಡಿಗ್ರಿ ಓರೆಯಾಗಿ ಕೊಯ್ದರೆ ಗಾಳಿಗೆ ಇನ್ನೂ ಸಲೀಸು.

ಹೋಸ್ ಎಲ್ಲಿ ಜೋತುಬಿದ್ದು ಮತ್ತೆ ಏರುತ್ತದೋ ಅಲ್ಲಿ ಗಾಳಿ ಗಟ್ಟಿಯಾಗಿ ಕೂರುತ್ತದೆ. ತೆಗೆದುಹಾಕಿ. ಕಂಬ ಸುತ್ತಬೇಕಾದರೆ 45 ಡಿಗ್ರಿಯ ಎರಡು ಎಲ್ಬೋ, ನಡುವೆ ಗಟ್ಟಿ ಪೈಪು. ಎಲ್ಲೂ ಅಡ್ಡಡ್ಡ ಓಟ ಬೇಡ, ಉದ್ದಕ್ಕೂ ಇಳಿಜಾರು ಇರಲಿ.

ಮೂರನೆಯದು ಬಹಳ ಜನ ಮಾಡುವ ತಪ್ಪು. ಗಾಳಿ ನಳಿಕೆ 5ರಲ್ಲಿ, ಎಮರ್ಜೆನ್ಸಿ 6ರಲ್ಲಿ. ಅಂದರೆ ನಳಿಕೆ ಮುಳುಗುವ ಮೊದಲೇ ಎಮರ್ಜೆನ್ಸಿ ನೀರು ಕುಡಿಯಲು ಶುರುಮಾಡುತ್ತದೆ. ಓಪನ್ ಚಾನೆಲ್ ಸೈಫನ್ ಆಗುವ ಅವಕಾಶವೇ ಇಲ್ಲ. ನಳಿಕೆಯ ತುದಿ 7ಕ್ಕೆ ಇಳಿಸಿ. ಆಗ ಕರೆಂಟು ಬಂದು ಡಬ್ಬಿ ಏರಿದಾಗ ನಳಿಕೆ ಮುಳುಗುತ್ತದೆ, ಎರಡನೆಯ ಪೈಪಿಗೆ ಗಾಳಿ ತಪ್ಪಿ ಅದೂ ಸೈಫನ್ ಆಗಿ ಎಳೆಯುತ್ತದೆ, ಅಷ್ಟರಲ್ಲಿ ಮೊದಲನೆಯದು ಗಾಳಿ ಕಕ್ಕಿ ಹಿಡಿಯುತ್ತದೆ, ಮಟ್ಟ ಇಳಿಯುತ್ತದೆ, ನಳಿಕೆ ಮತ್ತೆ ಗಾಳಿ ಎಳೆದು ಎರಡನೆಯದು ಶಾಂತವಾಗುತ್ತದೆ. ಈ ಒಂದೆರಡು ನಿಮಿಷದ ಗದ್ದಲ ಸಹಜ.

ಕೆರೆದಂಡೆ

ಹೊಸಬರಿಗೆ ಅರ್ಥವಾಗಲಿ ಅಂತ ಒಂದು ಮಾತು. ಕೆರೆಗೆ ತೂಬು ಬೇರೆ, ಕೋಡಿ ಬೇರೆ. ತೂಬನ್ನು ಬೇಕಾದಷ್ಟು ಎತ್ತಿ ಇಳಿಸಿ ನೀರು ಬಿಡುತ್ತೇವೆ. ಕೋಡಿಯನ್ನು ಯಾರೂ ಮುಟ್ಟುವುದಿಲ್ಲ. ಇಲ್ಲಿ ಮೊದಲ ಪೈಪು ತೂಬು, ಮೂರನೆಯದು ಕೋಡಿ. ಎರಡನೆಯದು ಇವೆರಡರ ನಡುವಿನ ಕೂಸು: ದಿನವೂ ಸ್ವಲ್ಪ ನೀರು ಕುಡಿಯುತ್ತದೆ, ಆಪತ್ತಿನಲ್ಲಿ ತೂಬಿನ ಕೆಲಸ ಮಾಡುತ್ತದೆ. ಕೋಡಿಗೆ ವಾಲ್ವ್, ಜಾಲರಿ, ಫಿಲ್ಟರ್ ಸಾಕ್ಸು (ಕಸ ಸೋಸುವ ಬಟ್ಟೆ ಚೀಲ) ಯಾವುದೂ ಹಾಕಬಾರದು.

ಇನ್ನೊಂದು: ಪ್ಲಂಬರ್ ಹತ್ತಿರ ಬರೀ ‘ಸಂಪು’ ಅನ್ನಬೇಡಿ, ನೆಲದಡಿಯ ಸಂಪಿಗೆ ಪೈಪು ಎಳೆಯಲು ಹೊರಟಾನು.

ಹೊಸಟ್ಯಾಂಕು

ಸರ್, ನಾನಿನ್ನೂ ತೂತು ಹೊಡೆಸಿಲ್ಲ. ಗಾಜಿನಂಗಡಿಯಲ್ಲಿ 1 ಇಂಚಿನ ಪೈಪಿಗೆ 35 ಮಿ.ಮೀ. ತೂತು ಸಾಕು ಅನ್ನುತ್ತಾರೆ. ನೆಟ್ಟಲ್ಲಿ 45 ಅಂತಿದೆ. ಯಾವುದು?

ಗಾಜುಕೊರೆತ

ಎರಡನ್ನೂ ನಂಬಬೇಡಿ. ತೂತಿನಲ್ಲಿ ಹೋಗುವುದು ಪೈಪಲ್ಲ, ಬಲ್ಕ್‌ಹೆಡ್‌ನ (ಪೈಪನ್ನು ಗಾಜಿಗೆ ಸೋರದಂತೆ ಬಿಗಿಯುವ ಫಿಟ್ಟಿಂಗ್) ಎಳೆ, ಅಂದರೆ ಥ್ರೆಡ್. ಮನೆಯ ಓವರ್‌ಹೆಡ್ ಟ್ಯಾಂಕಿಗೆ ಹಾಕುವ ಟ್ಯಾಂಕ್ ನಿಪ್ಪಲ್‌ಗೂ ಇದೇ ಮಾತು. ಮೊದಲು ಅದನ್ನು ಕೈಗೆ ತಗೊಂಡು, ಎಳೆಯ ಹೊರವ್ಯಾಸವನ್ನು ವರ್ನಿಯರಿನಲ್ಲಿ ಅಳೆದು, ಅದಕ್ಕಿಂತ 1ರಿಂದ 2 ಮಿ.ಮೀ. ದೊಡ್ಡ ಬಿಟ್ ಆರಿಸಿ. ವಾಷರ್ ಪೂರ್ತಿ ಗಾಜಿನ ಮೇಲೆ ಕೂರಬೇಕು, ತೂತಿನೊಳಗೆ ಇಣುಕಬಾರದು.

ಟಫನ್ಡ್ ಗಾಜಿಗೆ ಡ್ರಿಲ್ ತಾಗಿಸಲೇಬೇಡಿ, ಇಡೀ ಹಾಳೆ ಕಾಳುಕಾಳಾಗಿ ಉದುರುತ್ತದೆ. ಸಾದಾ ಗಾಜಾದರೆ ಡೈಮಂಡ್ ಹೋಲ್‌ಸಾ, ಕಡಿಮೆ ವೇಗ, ಸುತ್ತ ಕ್ಲೇ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಹಿಂಬದಿಗೆ ಅಗಲವಾದ ಟೇಪ್ ಅಂಟಿಸಿದರೆ ಕೊರೆದ ಬಿಲ್ಲೆ ಬೀಳುವುದಿಲ್ಲ, ಆ ಕಡೆ ಚಿಪ್ಪೂ ಏಳುವುದಿಲ್ಲ. ಡ್ರಿಲ್ಲಿನ ತೂಕವೇ ಸಾಕು, ಒತ್ತಬೇಡಿ. ಕೊರೆಯುವಾಗ ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಅದು ಸರಿ. ಬಿಳಿ ಪುಡಿ ಒಣಗಿ ಕಾಣಿಸಿದರೆ ನೀರು ಸಾಲುತ್ತಿಲ್ಲ ಎಂದರ್ಥ. ಕೊನೆಯ ಒಂದೆರಡು ಮಿ.ಮೀ. ಇನ್ನೂ ನಿಧಾನ, ಗಾಜು ಒಡೆಯುವುದು ಹೆಚ್ಚಾಗಿ ಅಲ್ಲೇ. ತೂತಿನ ಅಂಚಿನಿಂದ ಗಾಜಿನ ಅಂಚಿಗೆ ಕನಿಷ್ಠ ತೂತಿನ ವ್ಯಾಸದಷ್ಟು ಗಾಜು ಉಳಿಯಲಿ, ಎರಡು ತೂತುಗಳ ನಡುವೆಯೂ ಅಷ್ಟೇ.

ಬಲ್ಕ್‌ಹೆಡ್ ಕೂರಿಸುವಾಗ ರಬ್ಬರ್ ವಾಷರ್ ಫ್ಲ್ಯಾಂಜ್ ಕಡೆ, ನೀರಿನ ಕಡೆ. ನಟ್ ಕಡೆಗೆ ಹಾಕಿದರೆ ನೀರು ಎಳೆ ಹಿಡಿದು ಇಳಿಯುತ್ತದೆ. ಕೈಯಲ್ಲಿ ಬಿಗಿಮಾಡಿ, ಮೇಲೆ ಕಾಲು ಸುತ್ತು. ಸಿಲಿಕೋನ್ ಬೇಡ, ವಾಷರ್ ಜಾರಿ ಹೊರಗೆ ಬರುತ್ತದೆ, ಮುಂದೊಂದು ದಿನ ಬಿಚ್ಚಬೇಕಾದಾಗ ಗಾಜನ್ನೇ ಎಳೆಯಬೇಕಾಗುತ್ತದೆ.

ಎಸ್‌ಜೆಪಿರೋಡು

ಅಳತೆಯ ಗೊಂದಲಕ್ಕೆ ಇನ್ನೊಂದು ಕಾರಣ ಇದೆ. ಅಂಗಡಿಯಲ್ಲಿ ‘1 ಇಂಚು’ ಅಂದರೆ ಮೂರು ಬೇರೆ ಬೇರೆ ಪೈಪು ಕೈಗೆ ಬರುತ್ತವೆ. ಮನೆಯ ತಣ್ಣೀರಿಗೆ ಬಳಸುವ ಬಿಳಿ ಯುಪಿವಿಸಿ, ಸ್ಕೆಡ್ಯೂಲ್ 40 ಅಥವಾ 80: ಹೊರವ್ಯಾಸ 33.4 ಮಿ.ಮೀ. ಬಿಸಿನೀರಿನ ಸಿಪಿವಿಸಿ, ಮಾಸಲು ಹಳದಿ ಬಣ್ಣದ್ದು: 28.6 ಮಿ.ಮೀ. ತೋಟಕ್ಕೆ ಹಾಕುವ ಪಿವಿಸಿಯನ್ನು ಮಿಲಿಮೀಟರಿನಲ್ಲೇ ಕರೆಯುತ್ತಾರೆ: 32 ಅಂದರೆ ಹೊರವ್ಯಾಸ 32. ಒಂದರ ಎಲ್ಬೋ ಇನ್ನೊಂದಕ್ಕೆ ಕೂರುವುದಿಲ್ಲ. 32ರದ್ದು 33.4ರ ಫಿಟ್ಟಿಂಗಿನೊಳಗೆ ಸಡಿಲವಾಗಿ ಹೋಗುತ್ತದೆ, ‘ಗಮ್ ಜಾಸ್ತಿ ಹಾಕಿ ಸಾರ್’ ಅನ್ನುವವರಿದ್ದಾರೆ. ಸಾಲ್ವೆಂಟ್ ಸಂದಿ ತುಂಬುವ ಗಮ್ ಅಲ್ಲ, ಎರಡು ಮೈಗಳನ್ನು ಕರಗಿಸಿ ಬೆಸೆಯುವುದು. ಬಿಗಿ ಇಲ್ಲದಿದ್ದರೆ ಬೆಸುಗೆಯೂ ಇಲ್ಲ. ಬಲ್ಕ್‌ಹೆಡ್ ಯಾವ ಅಳತೆಯದೋ ಪೈಪು, ಎಲ್ಬೋ, ಟೀ, ಯೂನಿಯನ್ (ಬಿಚ್ಚಬಲ್ಲ ಜೋಡಣೆ) ಎಲ್ಲವೂ ಅದೇ ಇರಲಿ.

ಹಿತ್ತಾಳೆ ಕಂಡಲ್ಲಿ ಬಿಟ್ಟುಬಿಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಟ್ ವಾಲ್ವ್ ಕೇಳಿದರೆ ಕೊಡುವುದು ಹೆಚ್ಚಾಗಿ ಹಿತ್ತಾಳೆ ಅಥವಾ ಗನ್‌ಮೆಟಲ್. ಉಪ್ಪುನೀರಿಗೆ ಅದರ ತಾಮ್ರ ಬಿಡುತ್ತದೆ; ಮೀನು ತಡೆದರೂ ಹವಳ, ಸೀಗಡಿ, ಬಸವನಹುಳು ತಡೆಯುವುದಿಲ್ಲ. ನಲ್ಲಿ ಕೂರಿಸುವ ಎಲ್ಬೋಗಳಲ್ಲಿ ಎಳೆಯ ಜಾಗಕ್ಕೆ ಹಿತ್ತಾಳೆ ಇನ್ಸರ್ಟ್ ಹುದುಗಿಸಿರುತ್ತಾರೆ, ಒಳಗೆ ಕಣ್ಣಾಡಿಸಿ ನೋಡಿ. ಕಬ್ಬಿಣದ ಕ್ಲಿಪ್ಪೂ ಬೇಡ.

ಎರಡುಪೈಪು

ಇಷ್ಟೆಲ್ಲ ಯಾಕೆ? ಹರ್ಬಿ ಪದ್ಧತಿ ಹಾಕಿದರೆ ಎರಡೇ ಪೈಪು: ವಾಲ್ವ್ ಇರುವ ಸೈಫನ್ ಒಂದು, ಎಮರ್ಜೆನ್ಸಿ ಒಂದು. ಒಂದು ತೂತು, ಒಂದು ಬಲ್ಕ್‌ಹೆಡ್ ಉಳಿಯಿತು. ಎಮರ್ಜೆನ್ಸಿಗೆ ಸಣ್ಣ ಎಳೆಯಷ್ಟು ನೀರು ಬಿಟ್ಟರೆ ಅದೂ ಸ್ಥಿರವಾಗಿಯೇ ನಿಲ್ಲುತ್ತದೆ.

ಮೂರುಪೈಪು

ಹರ್ಬಿಗೆ ನನ್ನ ತಕರಾರಿಲ್ಲ, ಮೂಲೆಯ ಡಬ್ಬಿಯಲ್ಲಿ ಎರಡೇ ತೂತು ಇರುವವರಿಗೆ ಅದೇ ಸರಿ. ಆದರೆ ಎಮರ್ಜೆನ್ಸಿಗೆ ಎಳೆ ನೀರು ಬಿಟ್ಟ ಕ್ಷಣ ಅದು ಒಣ ಎಮರ್ಜೆನ್ಸಿ ಅಲ್ಲ. ಅಲ್ಲಿ ಪಾಚಿ ಬೆಳೆಯುತ್ತದೆ, ಹುಳು ಸೇರುತ್ತದೆ. ಪಂಪಿನ ಹರಿವು ಒಂದೇ ಸಮ ಇರುವುದೂ ಇಲ್ಲ: ಫಿಲ್ಟರ್ ಸಾಕ್ಸ್ ಕಟ್ಟುತ್ತದೆ, ಇಂಪೆಲ್ಲರಿಗೆ ಸುಣ್ಣ ಹಿಡಿಯುತ್ತದೆ. ಸೈಫನ್ ಮಾತ್ರ ವಾಲ್ವಿಟ್ಟಷ್ಟೇ ಎಳೆಯುತ್ತದೆ. ಆ ಹೆಚ್ಚುಕಡಿಮೆಯನ್ನು ನುಂಗುವುದಕ್ಕೇ ಓಪನ್ ಚಾನೆಲ್ ಇರುವುದು. ಒಟ್ಟು ಹರಿವಿನ ಶೇ. 5ರಿಂದ 10 ಅದರಲ್ಲಿ ಹೋಗುವಂತೆ ವಾಲ್ವ್ ನಿಲ್ಲಿಸಿದರೆ ವಾರಗಟ್ಟಲೆ ಮುಟ್ಟಬೇಕಿಲ್ಲ.

ಒಂದೇ ಪೈಪಿನ ಡರ್ಸೋ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ: 1 ಇಂಚಿನದು ಗಂಟೆಗೆ ಸಾವಿರ ಚಿಲ್ಲರೆ ಲೀಟರ್ ದಾಟಿದರೆ ಬೊಬ್ಬೆ ಹೊಡೆಯುತ್ತದೆ, ಮತ್ತೆ ಅದು ಕಟ್ಟಿಕೊಂಡರೆ ನೀರಿಗೆ ಬೇರೆ ದಾರಿಯಿಲ್ಲ.

ಡಲ್ಲಾಸ್‌ಕನ್ನಡಿಗ

ಇಲ್ಲಿ ಅಮೆರಿಕದಲ್ಲಿ ಪ್ಲಾಸ್ಟಿಕ್ ಗೇಟ್ ವಾಲ್ವ್ ಸುಲಭವಾಗಿ ಸಿಗುತ್ತದೆ. ಊರಲ್ಲಿ ಸಿಗದಿದ್ದರೆ ಬಾಲ್ ವಾಲ್ವ್ ನಡೆಯುತ್ತದೆಯೇ ಅನ್ನುವುದು ಮುಂದಿನ ಪ್ರಶ್ನೆ ಆಗಿರಬಹುದು. ನಡೆಯುತ್ತದೆ, ತಾಳ್ಮೆ ಬೇಕು. ಬಾಲ್ ವಾಲ್ವ್ ತೆರೆದಲ್ಲಿಂದ ಮುಚ್ಚುವವರೆಗೆ ಬರೀ ಕಾಲು ಸುತ್ತು. ಹಿಡಿ ಕೂದಲೆಳೆಯಷ್ಟು ಸರಿದರೂ ಡಬ್ಬಿಯ ಮಟ್ಟ ಬದಲಾಗುತ್ತದೆ. ಗೇಟ್ ವಾಲ್ವ್ ಹಲವು ಸುತ್ತು ತಿರುಗುತ್ತದೆ. ಬಾಲ್ ವಾಲ್ವೇ ಆದರೆ ಉದ್ದ ಹಿಡಿಯದ್ದು, ಎರಡೂ ಕಡೆ ಯೂನಿಯನ್ ಇರುವುದು ತಗೊಳ್ಳಿ. ಪ್ರತಿ ಸಲ ತಿರುಗಿಸಿದ ಮೇಲೆ ಎರಡು ಮೂರು ನಿಮಿಷ ಕಾಯಿರಿ. ಡಬ್ಬಿ ಸಮಕ್ಕೆ ಬರುವ ಮೊದಲೇ ಮತ್ತೆ ತಿರುಗಿಸುತ್ತ ಹೋದರೆ ಸಂಜೆಯಾದರೂ ಮುಗಿಯುವುದಿಲ್ಲ.

ವಾಲ್ವ್ ಕೆಳಗಿರಲಿ, ಸಂಪಿನ ನೀರಿಗೆ ಸ್ವಲ್ಪ ಮೇಲೆ, ಕೈಗೆ ಸಿಗುವಂತೆ. ಮೇಲೆ ಬಲ್ಕ್‌ಹೆಡ್ ಪಕ್ಕದಲ್ಲೇ ಕೂರಿಸಿದರೆ ವಾಲ್ವಿನ ಕೆಳಗಿನ ಪೈಪಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗುತ್ತದೆ. ಆಗ ಸಡಿಲ ಜೋಡಣೆಯಿಂದ ನೀರು ಹನಿಯುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಹೊರಗೆ ಒಣಗಿಯೇ ಇರುವುದರಿಂದ ಸೋರಿಕೆ ಎಲ್ಲಿ ಅಂತ ಕಾಣುವುದೇ ಇಲ್ಲ. ಸಂಪಿನಲ್ಲಿ ಸಣ್ಣ ಗುಳ್ಳೆ ಮಾತ್ರ ನಿಲ್ಲುವುದಿಲ್ಲ.

ಉಪ್ಪುನೀರು

ಹೋಸ್ ತೆಗೆದು ಗಟ್ಟಿ ಪೈಪು, 45ರ ಎಲ್ಬೋ ಎರಡು. ತುದಿ ಈಗ 2.5 ಸೆಂ.ಮೀ. ಮುಳುಗಿದೆ. ಗಾಳಿ ನಳಿಕೆ 7ಕ್ಕೆ ಇಳಿಸಿದೆ. ಐದು ಸಲ ಆರಿಸಿ ಹಾಕಿದೆ, ಐದೂ ಸಲ ತಾನಾಗಿ ಹಿಡಿಯಿತು.

ಒಂದು ಅನುಮಾನ: ಕರೆಂಟು ಹೋದಾಗ ಸಂಪು ಏರಿರುತ್ತದಲ್ಲ, ಆಗ ತುದಿ ಮತ್ತೆ ಆಳಕ್ಕೆ ಹೋದ ಹಾಗಾಯಿತಲ್ಲ? ಮತ್ತೆ ನಿಂತಾಗಲೆಲ್ಲ ಸಂಪು ಅಂಚಿನವರೆಗೆ ಬಂದು ಗಾಬರಿ ಹುಟ್ಟಿಸುತ್ತದೆ. ರಿಟರ್ನ್ ನಾಝಲ್ ನೀರಿನ ಮಟ್ಟದಿಂದ 10 ಸೆಂ.ಮೀ. ಕೆಳಗಿದೆ.

ಮೂರುಪೈಪು

ಮೊದಲನೆಯದಕ್ಕೆ ಉತ್ತರ: ಪಂಪು ಶುರುವಾದ ಕೂಡಲೇ ಡಬ್ಬಿಗೆ ನೀರು ಬೀಳುವುದಿಲ್ಲ. ಮೊದಲು ಡಿಸ್‌ಪ್ಲೇ, ಅಂದರೆ ಮೇಲಿನ ಟ್ಯಾಂಕ್, ಡಬ್ಬಿಯ ಅಂಚಿನವರೆಗೆ ತುಂಬಬೇಕು. ಹಾಗೆ ತುಂಬುವ ನೀರು ಸಂಪಿನದೇ, ಆದ್ದರಿಂದ ಸೈಫನ್‌ಗೆ ಕೆಲಸ ಬೀಳುವ ಹೊತ್ತಿಗೆ ಸಂಪು ಹೆಚ್ಚುಕಡಿಮೆ ಹಳೆಯ ಮಟ್ಟಕ್ಕೆ ಇಳಿದಿರುತ್ತದೆ.

ಎರಡನೆಯದು ನಿಜವಾದ ಅಪಾಯ. ಲೆಕ್ಕ ಹಾಕಿ. ಗಾಜಿನ ದಪ್ಪ, ಡಬ್ಬಿಯ ಜಾಗ ಕಳೆದರೆ ನಿಮ್ಮ ಡಿಸ್‌ಪ್ಲೇಯಲ್ಲಿ 1 ಸೆಂ.ಮೀ. ಅಂದರೆ ಸುಮಾರು 5 ಲೀಟರ್. ನಾಝಲ್ 10 ಸೆಂ.ಮೀ. ಕೆಳಗಿದ್ದರೆ ಪಂಪು ನಿಂತಾಗ ಅದೇ ಹಿಮ್ಮುಖ ಸೈಫನ್ ಆಗಿ 50 ಲೀಟರ್ ಇಳಿಸುತ್ತದೆ. ಡಬ್ಬಿಯಲ್ಲಿ ಸೈಫನ್ ಬಾಯಿಯವರೆಗಿನ ನೀರು 4, ಪೈಪುಗಳಲ್ಲಿ 1. ಒಟ್ಟು 55. ಸಂಪಿನಲ್ಲಿ 1 ಸೆಂ.ಮೀ.ಗೆ ಹೆಚ್ಚೆಂದರೆ 2.9 ಲೀಟರ್, ಅಂದರೆ 19 ಸೆಂ.ಮೀ. ಏರಿಕೆ. ಖಾಲಿ ಇರುವುದು 17. ಹತ್ತು ನಿಮಿಷದಲ್ಲಿ ಇನ್ನೂ ಚೆಲ್ಲಿಲ್ಲ ಅಂದರೆ ನಾಝಲ್ ಅಳತೆ ಒಂದೆರಡು ಸೆಂ.ಮೀ. ಆಚೀಚೆ ಇರಬೇಕು, ಅಷ್ಟೇ.

ನಾಝಲ್ ಎತ್ತಿ ನೀರಿನಿಂದ 2.5 ಸೆಂ.ಮೀ. ಕೆಳಗೆ ನಿಲ್ಲಿಸಿ. ಆಗ 13 ಲೀಟರ್, ಡಬ್ಬಿ, ಪೈಪು ಸೇರಿ 18. ಸಂಪು ಆರೂಕಾಲು ಸೆಂ.ಮೀ. ಏರುತ್ತದೆ.

ಎರಡುಪೈಪು

ನಾಝಲ್ ಕೆಳಗೇ ಇರಲಿ, ಚೆಕ್ ವಾಲ್ವ್ ಹಾಕಿದರಾಯಿತಲ್ಲ?

ಕೆರೆದಂಡೆ

ಮೊದಲ ದಿನ ಚೆನ್ನಾಗಿಯೇ ಮುಚ್ಚುತ್ತದೆ. ಆಮೇಲೆ ಬಾಗಿಲಿನ ಅಂಚಿಗೆ ಸುಣ್ಣದ ಪಾಚಿ ಕಟ್ಟುತ್ತದೆ, ಮರಳಿನ ಒಂದು ಕಾಳು ಸಿಕ್ಕರೂ ಸಾಕು, ರಾತ್ರಿಯಿಡೀ ಸೋರುತ್ತದೆ. ನಾಝಲ್ ಬದಿಗೆ ಗಾಳಿ ಎಳೆಯುವ ಸಣ್ಣ ತೂತು ಕೊರೆಯುವುದೂ ಅಷ್ಟೇ, ಪಾಚಿ ಮುಚ್ಚಿದ್ದು ಗೊತ್ತಾಗುವುದು ಕರೆಂಟು ಹೋದಾಗಲೇ. ಹೆಚ್ಚುವರಿಯಾಗಿ ಬೇಕಾದರೆ ಇಟ್ಟುಕೊಳ್ಳಿ, ಲೆಕ್ಕ ಮಾತ್ರ ಅವೆರಡೂ ಇಲ್ಲವೆಂದೇ ಹಾಕಿ.

ಇನ್ನೊಂದು ಲೆಕ್ಕ ಯಾರೂ ಹಾಕುವುದಿಲ್ಲ. ಮೂರು ಪೈಪೂ ಕಟ್ಟಿತು ಅಂತ ಇಟ್ಟುಕೊಳ್ಳಿ. ಪಂಪು ಸಂಪಿನಲ್ಲಿ ತಾನಿರುವ ರಿಟರ್ನ್ ಕೋಣೆಯ ನೀರನ್ನು ಮಾತ್ರ ಮೇಲಕ್ಕೆ ಹಾಕಬಲ್ಲದು. ಓಡುವ ಮಟ್ಟದ ಮೇಲೆ ನಿಮ್ಮ ಡಿಸ್‌ಪ್ಲೇಯಲ್ಲಿ ಖಾಲಿ ಇರುವುದು 3 ಸೆಂ.ಮೀ., 15 ಲೀಟರ್. ರಿಟರ್ನ್ ಕೋಣೆಯಿಂದ ಪಂಪು ಎಳೆಯಬಲ್ಲ ನೀರು ಅದಕ್ಕಿಂತ ಕಡಿಮೆ ಇದ್ದರೆ ನೆಲಕ್ಕೆ ಚೆಲ್ಲುವುದಿಲ್ಲ. ಆದರೆ ಕೋಣೆ ಇಳಿಯಿತೆಂದು ಆಟೋ ಟಾಪ್‌ಅಪ್ (ಆವಿಯಾದಷ್ಟು ನೀರು ತಾನಾಗಿ ತುಂಬುವ ಉಪಕರಣ) ಆರ್‌ಒ ನೀರು ಸುರಿಯುತ್ತಲೇ ಇದ್ದರೆ ಈ ಲೆಕ್ಕ ಕೆಟ್ಟಿತು. ಅದಕ್ಕೆ ಟೈಮ್ ಕಟ್ಆಫ್ ಇರಬೇಕು, ಅಥವಾ ಅದರ ಕ್ಯಾನೇ ಚಿಕ್ಕದಿರಬೇಕು.

ಹೊಸಟ್ಯಾಂಕು

ಅಂಚಿಗೆ ಹಲ್ಲು ಕೊಯ್ಯಬೇಕೋ ಬೇಡವೋ? ಪೈಪಿಗೆ ಪೂರ್ತಿ ಗಮ್ ಹಾಕಬೇಕೋ?

ಗಾಜುಕೊರೆತ

ನೇರ ಅಂಚು 40 ಸೆಂ.ಮೀ. ಇದ್ದರೆ ಗಂಟೆಗೆ 2000 ಲೀಟರ್‌ಗೆ ಅಂಚಿನ ಮೇಲೆ ಸುಮಾರು 8 ಮಿ.ಮೀ. ನೀರು ನಿಲ್ಲುತ್ತದೆ. ಅರ್ಧ ಜಾಗ ಹಲ್ಲಿಗೆ ಹೋದರೆ 13 ಮಿ.ಮೀ. ಪದರ ತೆಳುವಾದಷ್ಟೂ ಮೇಲ್ಮೈಯ ಜಿಡ್ಡು ಚೆನ್ನಾಗಿ ಎಳೆಯುತ್ತದೆ, ಆ ಲೆಕ್ಕದಲ್ಲಿ ಹಲ್ಲಿಲ್ಲದ್ದೇ ಮೇಲು. ಮೀನು ಹಾರಿ ಡಬ್ಬಿಗೆ ಬೀಳುವ ಭಯವಿದ್ದರೆ ಡಬ್ಬಿಯ ಮೇಲೆ ಜಾಲರಿ ಮುಚ್ಚಳ ಸಾಕು.

ಡಬ್ಬಿಯೊಳಗಿನ ಎಲ್ಬೋಗಳಿಗೆ ಸಾಲ್ವೆಂಟ್ ಬೇಡ, ಒತ್ತಿ ಕೂರಿಸಿದರೆ ಸಾಕು. ನೀರಿನೊಳಗೇ ಇರುತ್ತವೆ, ತೊಳೆಯಲು ಕಳಚಬೇಕು. ಸೈಫನ್ ಎಲ್ಬೋಗೆ ಒಂದು ತುಂಡು ಪೈಪು ಸೇರಿಸಿ ಬಾಯಿಯನ್ನು 17 ಸೆಂ.ಮೀ. ಮಟ್ಟಕ್ಕೆ ಇಳಿಸಿ. ನೀರಿನಿಂದ 8 ಸೆಂ.ಮೀ. ಆಳ ಸಿಕ್ಕರೆ ಸುಳಿ ಎದ್ದು ಗಾಳಿ ಎಳೆಯುವುದಿಲ್ಲ, ತಳಕ್ಕೂ 3 ಸೆಂ.ಮೀ. ಉಳಿಯುತ್ತದೆ. ಹೊರಗಡೆ ಎಲ್ಲ ಜೋಡಣೆಗೂ ಸಾಲ್ವೆಂಟ್: ಕೊಯ್ದ ತುದಿಯ ಸಿಬಿರು ಕೆರೆದು, ಎರಡೂ ಮೈಗೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ತಳ ಮುಟ್ಟುವವರೆಗೆ ತಳ್ಳಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಯುಪಿವಿಸಿಗೆ ಯುಪಿವಿಸಿಯದೇ ಸಾಲ್ವೆಂಟ್. ನೀರು ಬಿಡುವುದು 24 ಗಂಟೆ ಬಿಟ್ಟು. ಪ್ರತಿ ಬಲ್ಕ್‌ಹೆಡ್ ಕೆಳಗೆ ಒಂದು ಯೂನಿಯನ್ ಇರಲೇಬೇಕು; ಇಲ್ಲದಿದ್ದರೆ ವಾಲ್ವ್ ಬದಲಿಸಬೇಕಾದ ದಿನ ಗರಗಸ ಹಿಡಿಯಬೇಕಾಗುತ್ತದೆ.

ಉಪ್ಪುನೀರು

ನಾಝಲ್ 2.5ಕ್ಕೆ ಎತ್ತಿದೆ. ಸಂಪು 23ರಿಂದ 29.5ಕ್ಕೆ ಏರಿ ನಿಲ್ಲುತ್ತದೆ. ಮರಳಿ ಹಾಕಿದರೆ ಅರ್ಧ ನಿಮಿಷಕ್ಕೆ ಡಬ್ಬಿ ತುಂಬುತ್ತದೆ, ಇನ್ನೊಂದು ನಿಮಿಷದಲ್ಲಿ ಸೈಫನ್ ಹಿಡಿಯುತ್ತದೆ. ಉಪ್ಪು ಬೆರೆಸಬಹುದೇ?

ಮೂರುಪೈಪು

ಇನ್ನೂ ಎರಡು ಪರೀಕ್ಷೆ ಬಾಕಿ. ಪಂಪು ಓಡುತ್ತಿರುವಾಗ ಸೈಫನ್ ಬಾಯಿಗೆ ಅಂಗೈ ಒತ್ತಿ ಮುಚ್ಚಿ. ಮಟ್ಟ ಏರಿ, ಗಾಳಿ ನಳಿಕೆ ಸುರ್ರೆಂದು ನೀರು ಎಳೆದುಕೊಂಡು, ಎರಡನೆಯ ಪೈಪು ಸೈಫನ್ ಆಗಿ ಪೂರ್ತಿ ನೀರು ಒಯ್ಯಬೇಕು. ಡಬ್ಬಿ ಬರಿದಾಗಿ ಮತ್ತೆ ಏರಿ, ಹೀಗೆ ಏರಿಳಿಯುತ್ತಿದ್ದರೆ ಚಿಂತೆಯಿಲ್ಲ. ಆಮೇಲೆ ಎರಡನ್ನೂ ಮುಚ್ಚಿ, ಎರಡನೆಯದಕ್ಕೆ ಚಿಂದಿ ಬಟ್ಟೆ ತುರುಕಿದರಾಯಿತು. ಈಗ ಎಲ್ಲ ನೀರೂ ಎಮರ್ಜೆನ್ಸಿಗೆ. ಆ ಬಾಯಿಯ ಮೇಲೆ ಎರಡೂವರೆ ಸೆಂ.ಮೀ. ನೀರು ಬೇಕಾಗುತ್ತದೆ, ಆದ್ದರಿಂದ ಡಬ್ಬಿಯ ಅಂಚು ಮುಳುಗಿ ಡಿಸ್‌ಪ್ಲೇ ಕೂಡ ಸ್ವಲ್ಪ ಏರುತ್ತದೆ. ಮೇಲಂಚಿಗೆ 2 ಸೆಂ.ಮೀ. ಉಳಿಯುವಷ್ಟರಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಎಮರ್ಜೆನ್ಸಿ ತುಟಿ ಇನ್ನೂ ಅರ್ಧ ಸೆಂ.ಮೀ. ಕೊಯ್ಯಿರಿ, ನಳಿಕೆಯನ್ನೂ ಅಷ್ಟೇ ಇಳಿಸಿ.

ಎಮರ್ಜೆನ್ಸಿ ಪೈಪಿನ ಕೆಳತುದಿ ಮಾತ್ರ ಸಂಪಿನ ನೀರಿಗೆ ತಾಗಬಾರದು, ನಾಲ್ಕು ಬೆರಳು ಮೇಲಿರಲಿ. ಅದರಲ್ಲಿ ನೀರು ಬಿದ್ದರೆ ಪಕ್ಕದ ಕೋಣೆಯಲ್ಲಿ ಮಲಗಿದವರಿಗೂ ಕೇಳಿಸಬೇಕು.

ಉಪ್ಪುನೀರು

ಎರಡೂ ಮಾಡಿದೆ. ಕೊನೆಯದರಲ್ಲಿ ಮೇಲಂಚಿಗೆ 2.3 ಉಳಿಯಿತು. ಸದ್ದು ಅಡುಗೆಮನೆವರೆಗೂ ಕೇಳಿಸಿತು.

ಕೆರೆದಂಡೆ

ಆ ಚಿಂದಿ ಬಟ್ಟೆ ಹೊರಗೆ ತೆಗೆದಿರಾ?